ಟೋಕಿಯೋ ಹೊತ್ತಿನ ಗಡಿಯಾರ

ಗೋಡೆಯ ಮೇಲೆ ಮೊಳೆ ಇತ್ತು, ಗಡಿಯಾರ ಇರಲಿಲ್ಲ.

ಮಾಚಮ್ಮನ ಭಾವ ಸೇನೆಯಿಂದ ನಿವೃತ್ತರಾದಾಗ ಪಲ್ಟನ್‌ನವರು ಕೊಟ್ಟಿದ್ದ ಬೆಳ್ಳಿ ಚೌಕಟ್ಟಿನ ಗಡಿಯಾರ. ಭಾವ ತೀರಿಕೊಂಡ ಮೇಲೆ ಅಕ್ಕ ಚೋಂದಮ್ಮ ಅದನ್ನು ಟೋಕಿಯೋ ಹೊತ್ತಿಗೆ ತಿರುಗಿಸಿಟ್ಟಿದ್ದರು. ಮಗ ಪೊನ್ನಣ್ಣ ಅಲ್ಲಿದ್ದ. ಈಗ ಅಕ್ಕನೂ ಇಲ್ಲ. ನಾಳೆ ಹನ್ನೊಂದನೆಯ ದಿನದ ಮಾದ, ಕೊಡವರ ತಿಥಿಕರ್ಮ.

"ಪೊಲೀಸರನ್ನ ಕರೀತೀನಿ ಚಿಕ್ಕಮ್ಮ," ಎಂದಳು ಅಕ್ಕನ ಮಗಳು ಕಾವೇರಿ. "ನಿನ್ನೆ ಸಂಜೆ ಮಾರ್ಕೆಟ್‌ನಿಂದ ಬಂದು ನೋಡಿದ್ರೆ ಇಲ್ಲ. ಬೀಗ ಒಡೆದಿಲ್ಲ. ಒಂದು ಕೀ ನನ್ನ ಹತ್ರ, ಪೊನ್ನುದು ನಿನ್ನೆ ಅವನ ಜೊತೆ ಟೋಕಿಯೋದಲ್ಲಿತ್ತು. ಉಳಿದದ್ದು ಇವಳದು!"

ದಿಲ್ಲಿಯ ದ್ವಾರಕಾದ ಈ ಮನೆಯಲ್ಲಿ ಅಕ್ಕನನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಹಂಸಾ ಬಾಗಿಲಲ್ಲಿ ಚೀಲ ತಬ್ಬಿ ನಿಂತಿದ್ದಳು.

"ನಾನು ಹಾಲಿಗೆ ಹೋಗಿದ್ದೆ ಮೇಡಂ. ಪೊಲೀಸ್ ಬಂದ್ರೆ ಇಡೀ ದ್ವಾರಕಾದಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?"

ಮಾಚಮ್ಮ ವಾಯುಪಡೆಯ ಹವಾಮಾನ ವಿಭಾಗದಲ್ಲಿದ್ದವರು. ದನಿ ಏರಿಸದೆ ಕೇಳುವುದು ಅಲ್ಲಿಯ ಅಭ್ಯಾಸ.

"ಆ ಗಡಿಯಾರ ಯಾರ್ಯಾರು ಮುಟ್ತಿದ್ರು?"

"ಅಮ್ಮ ಒಬ್ರೇ," ಎಂದಳು ಹಂಸಾ. "ಕೊನೇ ರಾತ್ರಿನೂ—ಕಾವೇರಿ ಅಕ್ಕ ಪುಣೆಯಲ್ಲಿದ್ರು—ಪೊನ್ನು ಜೊತೆ ಮಾತಾಡಬೇಕು ಅಂತ ಫೋನ್ ತಗೊಂಡ್ರು. ಗಡಿಯಾರ ನೋಡಿ, 'ಅಲ್ಲಿ ಮಧ್ಯರಾತ್ರಿ ಕಳೀತು, ಮಗು ಮಲಗಿರ್ತಾನೆ' ಅಂತ ಇಟ್ಟುಬಿಟ್ರು."

ಬೆಳಗಾಗುವಷ್ಟರಲ್ಲಿ ಅಕ್ಕ ಇರಲಿಲ್ಲ.

"ಈ ಕಥೆ ಎಲ್ಲರಿಗೂ ಗೊತ್ತು," ಕಾವೇರಿ ಸಿಡುಕಿದಳು. "ಪೊನ್ನುಗೂ ಫೋನಲ್ಲಿ ಹೇಳಿದ್ದೆ. ಪಾಪ, ಟಿಕೆಟ್ ಸಿಗದೆ ಮಣ್ಣಿಗೂ ಬರೋಕಾಗ್ಲಿಲ್ಲ ಅವನಿಗೆ."

ಪೊನ್ನಣ್ಣ ಸೋಫಾದ ತುದಿಯಲ್ಲಿ ಕೂತಿದ್ದ. ಇವತ್ತು ಮಧ್ಯಾಹ್ನವಷ್ಟೇ ಸೂಟ್‌ಕೇಸ್ ಎಳೆದುಕೊಂಡು ಬಂದಿದ್ದ.

"ಸುಸ್ತಾಯ್ತಾ ಪೊನ್ನು?"

"ಏನಿಲ್ಲ ಚಿಕ್ಕಮ್ಮ. ಆರು ಸಾವಿರ ಕಿಲೋಮೀಟರ್ ಅಂತ ಹೆಸರಿಗೆ. ಹೋಗೋಕೂ ಏಳೂವರೆ ತಾಸು, ಬರೋಕೂ ಏಳೂವರೆ. ಇವತ್ತೂ ಅಷ್ಟೇ—ಒಂದು ನಿದ್ದೆ, ದಿಲ್ಲಿ!"

ಇಳಿಯುತ್ತಿದ್ದ ವಿಮಾನವೊಂದು ಕಿಟಕಿ ಗಾಜು ನಡುಗಿಸಿ ಹೋಯಿತು. ಇಲ್ಲಿಗೇ ಬಿಟ್ಟುಬಿಡಬೇಕು ಎನಿಸಿತು ಮಾಚಮ್ಮನಿಗೆ. ಆದರೆ ಹಂಸಾ ಬಾಗಿಲಲ್ಲೇ ಇದ್ದಳು.

"ಫೋನ್ ಕೆಳಗಿಡು ಕಾವೇರಿ. ಇವಳಲ್ಲ."

"ಮತ್ತೆ ಯಾರು?"

"ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುತ್ತೆ. ಟೋಕಿಯೋಗೆ ಹೋಗೋ ವಿಮಾನವನ್ನ ತಳ್ಳುತ್ತೆ, ಬರೋದನ್ನ ತಡೆಯುತ್ತೆ. ಅಲ್ಲಿಂದ ಇಲ್ಲಿಗೆ ಒಂಬತ್ತು ತಾಸಿನ ಮೇಲೇ ಬೇಕು. ಏಳೂವರೆಯಲ್ಲಿ ಬಂದೆ ಅನ್ನೋನು ಇವತ್ತು ಹಾರಿ ಬಂದವನಲ್ಲ. ಅವನ ಕೀಯೂ ಟೋಕಿಯೋದಲ್ಲಿರಲಿಲ್ಲ. ಪೊನ್ನು—ಎಲ್ಲಿಂದ ಬಂದೆ?"

ಪೊನ್ನಣ್ಣ ಸೂಟ್‌ಕೇಸನ್ನು ಹತ್ತಿರಕ್ಕೆ ಎಳೆದುಕೊಂಡ.

"ಗ್ರೇಟರ್ ನೋಯ್ಡಾದಿಂದ."

"ಏನು?"

"ಕೆಲಸ ಏಪ್ರಿಲ್‌ನಲ್ಲೇ ಹೋಯ್ತು. ಅಮ್ಮ ಸೊಸೈಟಿಯಲ್ಲೆಲ್ಲ 'ನನ್ನ ಟೋಕಿಯೋ ಮಗ' ಅಂತಿದ್ರು. ಬೇರೆ ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂದ್ಕೊಂಡೆ."

"ಮೆಟ್ರೋ ಹತ್ತಿ ಬರಬಹುದಿತ್ತಲ್ಲೋ!" ಕಾವೇರಿಯ ದನಿ ಒಡೆಯಿತು. "ಅಮ್ಮನ ಮಣ್ಣಿಗೆ!"

ಅವನು ಸೂಟ್‌ಕೇಸ್ ತೆರೆದ. ಮಡಿಸಿದ ಶರ್ಟ್‌ಗಳ ನಡುವೆ ಗಡಿಯಾರ ಇನ್ನೂ ಓಡುತ್ತಿತ್ತು, ಮೂರೂವರೆ ತಾಸು ಮುಂದೆ.

"ನಾಳೆ ಬಂದವರೆಲ್ಲ ಇದನ್ನ ತೋರಿಸಿ ಅಮ್ಮ ಫೋನ್ ಇಟ್ಟ ಮಾತೇ ಆಡ್ತಾರೆ. ಕೇಳೋ ಶಕ್ತಿ ಇರಲಿಲ್ಲ ಚಿಕ್ಕಮ್ಮ."

ಕಾವೇರಿ ಹಂಸಾಳ ಚೀಲ ಈಸಿಕೊಂಡು ಒಳಗಿಟ್ಟು ಬಂದಳು. ಹಂಸಾಳ ಮುಖ ನೋಡಲು ಅವಳಿಂದಾಗಲಿಲ್ಲ.

"ಹಂಸಾ," ಎಂದ ಪೊನ್ನಣ್ಣ. "ಅಮ್ಮ ಫೋನ್ ತಗೊಂಡಾಗ ಇಲ್ಲಿ ಎಷ್ಟು ಗಂಟೆ?"

ಹೇಳಲೋ ಬೇಡವೋ ಎಂದು ಹಂಸಾ ಮಾಚಮ್ಮನ ಕಡೆ ನೋಡಿದಳು. ಮಾಚಮ್ಮ ಕಣ್ಣು ತಗ್ಗಿಸಿದರು.

"ಒಂಬತ್ತು... ಒಂಬತ್ತೂಕಾಲು."

"ಊಟ ಮಾಡ್ತಿದ್ದೆ," ಎಂದ ಅವನು. "ಫೋನ್ ತಟ್ಟೆ ಪಕ್ಕದಲ್ಲೇ ಇತ್ತು."