ಎದುರುಬದುರು ಕೂರಬೇಕಿದ್ದ ನೆರಳುಗಳು

"ಅಲ್ಲಾಡಬೇಡಿ ಅಂದ್ನಲ್ಲ!"

ಗದರಿದ ಮೇಲೆ ಡೆಲ್ಫಾಳಿಗೇ ನಾಚಿಕೆಯಾಯಿತು. ಹೆಸರು ಕೂಡ ಗೊತ್ತಿಲ್ಲದ ಗಂಡಸು! ಊರಿನಲ್ಲಿ ಹೊಸದಾಗಿ ಅಂಗಡಿ ಹಾಕಿದವನು, ಚರ್ಚಿನ ನೆಲಮಾಳಿಗೆಯ ಹೀಟರು ರಿಪೇರಿಗೆ ಬಂದಿದ್ದ. ಕೌದಿ ಹೊಲಿಯುವ ಗುಂಪಿನ ಹಿರಿಯಳು ಓಪಲಜ್ಜಿ ಅವನ ತೋಳು ಹಿಡಿದು ದರದರ ಎಳೆತಂದು, ದೀಪಕ್ಕೂ ಗೋಡೆಗೂ ನಡುವೆ ಸ್ಟೂಲಿನ ಮೇಲೆ ಕುಕ್ಕರಿಸಿಬಿಟ್ಟಿದ್ದಳು.

"ಮೂಗು ಕೆರೀತಿದೆ..." ಅಂದ ಅವನು, ತುಟಿ ಅಲ್ಲಾಡಿಸದೆ.

"ಕೆರೀಲಿ, ತಡ್ಕೊಳ್ಳಿ. ನಾನೀಗ ಮೂಗಿನ ಹತ್ರಾನೇ ಇದೀನಿ."

ಸುತ್ತ ಸೂಜಿ ಹಿಡಿದು ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಗೋಡೆಗೆ ಅಂಟಿಸಿದ್ದ ಹಾಳೆಯ ಮೇಲೆ ಅವನ ಪಕ್ಕಮುಖದ ನೆರಳು ಬಿದ್ದಿತ್ತು. ಡೆಲ್ಫಾಳ ಪೆನ್ಸಿಲು ಹಣೆಯಿಂದ ಇಳಿಯಿತು, ಮೂಗನ್ನು ದಾಟಿತು, ತುಟಿಯ ಹತ್ತಿರ ಬಂದು ಯಾಕೋ ನಿಂತುಬಿಟ್ಟಿತು.

'ಇದೇನೇ ಡೆಲ್ಫಾ, ಬರೀ ನೆರಳು ಕಣೇ!' ಎಂದು ತನಗೆ ತಾನೇ ಹೇಳಿಕೊಂಡಳು. ಪೆನ್ಸಿಲು ತುಟಿ ದಾಟಿ ಗಲ್ಲಕ್ಕಿಳಿಯಿತು.

"ಮುಗೀತಾ?"

"ಮುಗೀತು. ಏಳಿ."

"ನನ್ನ ಹೆಸರು ಕರ್ಟಿಸ್," ಅಂದ ಅವನು ಮೂಗು ಕೆರೆದುಕೊಳ್ಳುತ್ತಾ. "ಮೂಗು ತಗೊಂಡ್ರಲ್ಲ, ಹೆಸರೂ ಇಟ್ಕೊಳ್ಳಿ."

ನಮ್ಮ ಕೆಂಟಕಿಯ ಈ ಕಣಿವೆಯಲ್ಲಿ ತಲೆಮಾರಿಗೊಂದು ನೆರಳಿನ ಕೌದಿ ಹೊಲಿಯುತ್ತಾರೆ. ಊರಿನವರ ಪಕ್ಕಮುಖಗಳನ್ನೆಲ್ಲ ಕಪ್ಪು ಬಟ್ಟೆಯಲ್ಲಿ ಕತ್ತರಿಸಿ, ಬಿಳಿ ಚೌಕಗಳ ಮೇಲೆ ಕೂರಿಸುವುದು. ಮೂಗು, ಗಲ್ಲ, ಟೋಪಿ ನೋಡಿದರೆ ಸಾಕು, ಯಾರೆಂದು ಸಣ್ಣ ಮಕ್ಕಳೂ ಹೇಳಬೇಕು. ಗಂಡ ಹೆಂಡತಿಗೆ ಒಂದೇ ಚೌಕ, ಎದುರುಬದುರು. ಮದುವೆ ನಿಶ್ಚಯವಾದವರಿಗೂ ಹಾಗೇ. ಒಂಟಿಯವರಿಗೆ ಒಂಟಿ ಚೌಕ.

ಹಳೆಯ ಕೌದಿಯೊಂದು ಈಗಲೂ ಚರ್ಚಿನ ಗೋಡೆಯ ಮೇಲಿದೆ. ಅದರಲ್ಲೊಂದು ಜೋಡಿ ಬೆನ್ನಿಗೆ ಬೆನ್ನು ಹಾಕಿ ಕೂತಿದೆ! ಹೇಸರಗತ್ತೆಯೊಂದರ ವಿಷಯಕ್ಕೆ ಜಗಳವಾಡಿ ಬೇರೆಯಾದ ಗಂಡ ಹೆಂಡತಿ. ಓಪಲಜ್ಜಿಯ ಅಮ್ಮ ಬೇಕೆಂದೇ ಹಾಗೆ ಹೊಲಿದಳಂತೆ. ಅವರಿಬ್ಬರೂ ಮಣ್ಣಾದರು, ಗೋಡೆಯ ಮೇಲೆ ಮುನಿಸು ಇನ್ನೂ ಇದೆ. ಹೊಸಬರು ಯಾರು ಬಂದರೂ ಅಜ್ಜಿ ಈ ಕಥೆ ಹೇಳದೆ ಬಿಡುವವಳಲ್ಲ. ಕರ್ಟಿಸನಿಗೂ ಹೇಳಿದಳು. ಎಲ್ಲರೂ ನಕ್ಕರು, ಅವನೊಬ್ಬ ನಗಲಿಲ್ಲ.

ಅಲ್ಲಿಂದಾಚೆ ಪ್ರತಿ ಗುರುವಾರ ಆ ಹೀಟರು ಕೆಡತೊಡಗಿತು. ಹೀಟರಿಗೆ ಏನಾಗಿತ್ತು ಮಣ್ಣು! ಕೆಟ್ಟಿದ್ದು ಕರ್ಟಿಸನ ತಲೆ.

ಬರುವಾಗ ಜೋಳದ ರೊಟ್ಟಿಯನ್ನೋ, ಫ್ಲಾಸ್ಕಿನಲ್ಲಿ ಕಾಫಿಯನ್ನೋ ತರುತ್ತಿದ್ದ. ಯಾರಿಗೆಂದು ಹೇಳುತ್ತಿರಲಿಲ್ಲ. ಡೆಲ್ಫಾಳ ಮುಂದೆ ಇಟ್ಟು ಹೋಗುತ್ತಿದ್ದ. ಆಮೇಲಾಮೇಲೆ ಅವಳನ್ನು ತನ್ನ ಟ್ರಕ್ಕಿನಲ್ಲಿ ಮನೆಗೆ ಬಿಡುವುದೂ ಶುರುವಾಯಿತು.

ಅವಳಿಗೋ... ದಣಿವು. ಬರೀ ದಣಿವು. ವರ್ಷಗಟ್ಟಲೆ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಳು. ಅಮ್ಮ ಹೋದ ಮೇಲೆ ವೃದ್ಧಾಶ್ರಮದಲ್ಲಿ ಕೆಲಸ. ಅಲ್ಲೂ ಅದೇ, ಎತ್ತುವುದು, ಮಗ್ಗುಲು ಬದಲಿಸುವುದು, ಒರೆಸುವುದು. ಮನೆಗೆ ಬಂದರೆ ಷೂ ಬಿಚ್ಚಲೂ ಬೇಸರವಾಗಿ ಹಾಗೇ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು.

ಒಂದು ಸಂಜೆ ಅವಳ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ ಕರ್ಟಿಸ್ ಕೇಳಿಯೇಬಿಟ್ಟ.

"ಡೆಲ್ಫಾ... ನನ್ನನ್ನ ಮದ್ವೆ ಆಗ್ತೀರಾ?"

ಅವಳು ಕಣ್ಣು ಮುಚ್ಚಿ ಸೀಟಿಗೆ ತಲೆ ಆನಿಸಿದಳು. "ಕರ್ಟಿಸ್, ಬೇಜಾರು ಮಾಡ್ಕೋಬೇಡಿ. ಎಲ್ರೂ ಏನಾದ್ರೂ ಒಂದು ಕೇಳ್ತಾನೇ ಇರ್ತಾರೆ ನನ್ನ ಹತ್ರ. ನೀರು ಕೊಡು, ದಿಂಬು ಸರಿ ಮಾಡು... ಉತ್ತರ ಕೊಡೋಕೂ ಜೀವ ಇಲ್ಲ ಈಗ."

"ಬಾಯಲ್ಲಿ ಹೇಳ್ಬೇಡಿ ಹಾಗಾದ್ರೆ." ಅವನು ಎಂಜಿನ್ನು ಆರಿಸಿದ. "ನನ್ನ ನೆರಳು ನಿಮ್ಮ ಹತ್ರಾನೇ ಇದೆಯಲ್ಲ. ಬೇಕು ಅನಿಸಿದ್ರೆ ನಿಮ್ಮ ಚೌಕದಲ್ಲಿ ಹಾಕ್ಕೊಳ್ಳಿ. ಬೇಡಾಂದ್ರೆ ಒಂಟಿಯಾಗಿ ಹೊಲೀರಿ. ಕೌದಿ ತೂಗುಹಾಕಿದ ದಿನ ನೋಡಿ ತಿಳ್ಕೋತೀನಿ. ಮತ್ತೆ ಕೇಳಲ್ಲ."

ಆಮೇಲೆ ಸೇರಿಸಿದ. "ನನ್ನ ಮೊದಲ್ನೇ ಹೆಂಡ್ತಿ ಬಿಟ್ಟು ಹೋದಾಗ ಒಂದು ಮಾತೂ ಆಡ್ಲಿಲ್ಲ. ಬಸ್ಸು ಹತ್ತೋವಾಗ ಅವಳ ಬೆನ್ನು ಕಾಣಿಸ್ತು ಅಷ್ಟೇ. ಹಾಗೆ ಮಾತ್ರ ಮಾಡ್ಬೇಡಿ."

ಡೆಲ್ಫಾ ಟ್ರಕ್ಕಿನಿಂದ ಇಳಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಎಷ್ಟೋ ಕಾಲದ ಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಖುಷಿಗೆ ಅಳು ಬರುತ್ತದೆ ಎನ್ನುವುದೇ ಮರೆತುಹೋಗಿತ್ತು ಅವಳಿಗೆ.

ಚೌಕ ಕೊಡಬೇಕಾದ ದಿನ ಅವಳು ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದಿದ್ದಳು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆದರೂ ಇಬ್ಬರ ನೆರಳುಗಳನ್ನೂ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಅಂಟುಕಾಗದದ ಮೇಲೆ ಬರೆದಳು, ಕಪ್ಪು ಬಟ್ಟೆಯ ಹಿಂಬದಿಗೆ ಇಸ್ತ್ರಿ ಮಾಡಿದಳು, ಕತ್ತರಿಸಿದಳು. ಎಡಕ್ಕೆ ಅವನು, ಬಲಕ್ಕೆ ತಾನು. ತೂಕಡಿಸುತ್ತಲೇ ಬಿಳಿ ಚೌಕಕ್ಕೆ ಕೂರಿಸಿ ಮೇಲೆ ಇಸ್ತ್ರಿ ಒತ್ತಿದಳು. ಮಡಚಿ, ದಾರಿಯಲ್ಲಿ ಓಪಲಜ್ಜಿಯ ಕೈಗಿಟ್ಟು, ಮನೆಗೆ ಬಂದು ಬಿದ್ದುಕೊಂಡಳು.

ಭಾನುವಾರ ಹೆಂಗಸರು ಚೌಕಗಳನ್ನೆಲ್ಲ ಜೋಡಿಸಿ, ಹತ್ತಿ ತುಂಬುವ ಮೊದಲು ಊರಿಗೆ ತೋರಿಸಲೆಂದು ಚರ್ಚಿನಲ್ಲಿ ತೂಗುಹಾಕಿದರು. ಡೆಲ್ಫಾ ಅಂದೂ ಪಾಳಿಯಲ್ಲಿದ್ದಳು. ಕೆಲಸದ ನಡುವೆ ಕಿಟಕಿಯಾಚೆ ನೋಡುತ್ತಿದ್ದಳು. 'ಈಗ ನೋಡಿರ್ತಾನೆ... ಈಗ ಓಡಿ ಬರ್ತಾನೆ...'

ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

'ಕೇಳೋದೇನೋ ಕೇಳ್ದ. ಹೂಂ ಅಂದ್ಮೇಲೆ ಬೇಡ ಅನಿಸಿರ್ಬೇಕು. ಸದಾ ಸುಸ್ತಾಗಿರೋಳನ್ನ ಕಟ್ಕೊಂಡು ಯಾರು ಏಗ್ತಾರೆ!' ಅಂದುಕೊಂಡಳು. ಬೇಯಿಸಿದ ಕಾಳು ಪಾತ್ರೆಯಲ್ಲೇ ಹಳಸಿತು.

ಗುರುವಾರ ನೆಲಮಾಳಿಗೆಗೆ ಇಳಿದಾಗ ಹೆಂಗಸರ ಮಾತು ಗಪ್ಪನೆ ನಿಂತಿತು.

ಹತ್ತಿ ತುಂಬಲೆಂದು ಕೆಳಗೆ ತಂದು ತೂಗುಹಾಕಿದ್ದ ಕೌದಿಯನ್ನು ಅವಳು ತಲೆಯೆತ್ತಿ ನೋಡಿದಳು.

ಬೆನ್ನಿಗೆ ಬೆನ್ನು! ಅವನು ಅತ್ತ, ತಾನು ಇತ್ತ...

"ಅಯ್ಯೋ ದೇವ್ರೇ! ತಿರುಗಿಸಿ ಬರೆಯೋದು ಮರ್ತೇಬಿಟ್ಟೆ!"

ಹಿಂಬದಿಗೆ ಅಂಟಿಸುವುದರಿಂದ, ಅಂಟುಕಾಗದದ ಮೇಲೆ ಬರೆದದ್ದು ಬಟ್ಟೆಯ ಮುಂಬದಿಯಲ್ಲಿ ಉಲ್ಟಾ ಬೀಳುತ್ತದೆ. ಮೊದಲೇ ತಿರುಗಿಸಿ ಬರೆಯಬೇಕು. ಸೂಜಿ ಹಿಡಿದ ಮೊದಲ ವಾರ ಕಲಿಸುವ ಪಾಠ ಅದು.

"ಮರ್ತಿದ್ದಾ?!" ಬ್ಯೂಲಾ ಚಿಕ್ಕಮ್ಮ ಸೂಜಿ ಕೆಳಗಿಟ್ಟಳು. "ನೀವಿಬ್ರೂ ಜಗಳ ಆಡಿದೀರಿ ಅನ್ಕೊಂಡ್ವಲ್ಲೇ! ನೋಡಿದ್ರೂ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನೆ ಹೊಲ್ದೆ."

"ಊರಿನ ಎಲ್ಲಾದಕ್ಕೂ ಬಾಯಿ ಹಾಕ್ತೀಯ, ಇದೊಂದಕ್ಕೆ ಮರ್ಯಾದೆ ಬಂತಾ ನಿಂಗೆ!" ಓಪಲಜ್ಜಿ ಸಿಡುಕಿದಳು. ಆಮೇಲೆ ಡೆಲ್ಫಾಳ ಕಡೆ ತಿರುಗಿದಳು, ದನಿ ತಗ್ಗಿತ್ತು. "ನಂಗೆ ಕಣ್ಣು ಮಂಜು ಮಗಳೇ, ಗೊತ್ತಾಗ್ಲಿಲ್ಲ. ಅವ್ನು ಇದ್ರ ಮುಂದೆ ತುಂಬಾ ಹೊತ್ತು ನಿಂತಿದ್ದ. ಆಮೇಲೆ ಟೋಪಿ ಹಾಕ್ಕೊಂಡು ಹೋದ. ಒಹಾಯೋದಲ್ಲಿ ಅಣ್ಣ ಇದಾನಂತೆ, ಅಲ್ಲಿಗೆ ಹೋಗ್ತಾನಂತೆ. ಬೆಳಗ್ಗೆ ಟ್ರಕ್ಕಿಗೆ ಸಾಮಾನು ತುಂಬ್ತಿದ್ದ."

ಡೆಲ್ಫಾ ಕುರ್ಚಿ ಎಳೆದು ಹತ್ತಿದಳು. ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು ತನ್ನ ಚೌಕದ ಸುತ್ತ ಪರಪರ ಬಿಚ್ಚತೊಡಗಿದಳು.

"ಏ, ಕೌದೀಲಿ ತೂತಾಗುತ್ತೆ ಕಣೇ!" ಬ್ಯೂಲಾ ಕೂಗಿದಳು.

"ಆಗ್ಲಿ ಬಿಡೇ!" ಅಂದಳು ಓಪಲಜ್ಜಿ. "ಡೆಲ್ಫಾ, ಕತ್ತರಿ ತಗೊಂಡ್ ಹೋಗು!"

ಕರ್ಟಿಸ್ ತನ್ನ ಅಂಗಡಿಯ ಮುಂದೆ ಟ್ರಕ್ಕಿಗೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಮುಖ ಮಾತ್ರ ತಿರುಗಿಸಲಿಲ್ಲ.

"ಹೇಳೋಕೆ ಬರ್ಬೇಕಿರ್ಲಿಲ್ಲ ಡೆಲ್ಫಾ. ನೋಡ್ದೆ. ತಿಳೀತು."

"ಏನು ತಿಳೀತು? ಏನೂ ತಿಳೀಲಿಲ್ಲ ನಿಮ್ಗೆ!" ಏದುಸಿರು ಬಿಡುತ್ತಿದ್ದಳು. "ಒಂಟಿಯಾಗಿ ಹೊಲ್ದಿದ್ನಾ? ನನ್ನ ಚೌಕದಲ್ಲೇ ಹಾಕ್ಕೊಂಡಿದ್ನಲ್ಲ!"

"ಆ ಹೇಸರಗತ್ತೆ ಜೋಡಿ ಥರ..."

"ನಿದ್ದೆಗಣ್ಣಲ್ಲಿ ಉಲ್ಟಾ ಅಂಟಿಸ್ದೆ ಕರ್ಟಿಸ್! ತಿರುಗಿಸಿ ಬರೆಯೋದು ಮರ್ತೆ. ಸುಸ್ತಾಗಿತ್ತು... ಅಷ್ಟೇ. ನಾಲ್ಕು ದಿನದಿಂದ ನೀವು ಯಾಕೆ ಬರ್ಲಿಲ್ಲ ಅಂತ ಸಾಯ್ತಿದೀನಿ ನಾನು!"

ಅವನು ಈಗ ತಿರುಗಿದ. ಅವಳ ಕೆಂಪಾದ ಕಣ್ಣು, ಕೆದರಿದ ಕೂದಲು, ಅದಲುಬದಲಾದ ಕಾಲುಚೀಲ, ಎಲ್ಲ ನೋಡಿದ.

"ಹಾಗಾದ್ರೆ..." ಅವಳ ಕೈಯಲ್ಲಿದ್ದ ಚೌಕದ ಕಡೆ ಬೆರಳು ತೋರಿಸಿದ. "ಅದು ಬೇಡ ಅಂತ ಅಲ್ವಾ?"

"ಹೂಂ ಅಂತ! ಬಾಯಲ್ಲೇ ಹೇಳ್ತಿದೀನಿ, ಕೇಳಿಸ್ಕೊಳ್ಳಿ. ಹೂಂ!"

ಕರ್ಟಿಸ್ ಹಗ್ಗ ಕೈಬಿಟ್ಟ. ಗಂಡಸು, ಅಷ್ಟು ಎತ್ತರದವನು, ಅಂಗಡಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತುಬಿಟ್ಟ.

ಅವಳು ಪಕ್ಕದಲ್ಲಿ ಕೂತು ಚೌಕವನ್ನು ಮೊಣಕಾಲಿನ ಮೇಲೆ ಹರಡಿದಳು. "ಇದು ಕಿತ್ತು ಬರಲ್ಲ. ಅಂಟು ಬಲವಾಗಿದೆ."

"ಹೊಸದು ಮಾಡ್ಬೇಕಾ?"

"ಇನ್ನೊಂದು ಮಾಡೋಕೆ ನನ್ನ ಕೈಲಾಗಲ್ಲಪ್ಪ." ಅವಳು ಕತ್ತರಿ ತೆಗೆದು, ಇಬ್ಬರ ಬೆನ್ನುಗಳ ನಡುವೆ ಚೌಕವನ್ನು ಸರಕ್ಕನೆ ಎರಡು ಮಾಡಿದಳು. ಅವನು ಬೆಚ್ಚಿಬಿದ್ದ.

"ಗಾಬರಿ ಬೇಡ. ನೀವು ಈ ಕಡೆ ಬನ್ನಿ." ಅವನ ತುಂಡನ್ನು ಬಲಕ್ಕಿಟ್ಟಳು. "ನಾನು ಆ ಕಡೆ."

ಎರಡು ನೆರಳುಗಳು ಒಂದನ್ನೊಂದು ನೋಡಿದವು.

ಅವನು ಬೆರಳಿಂದ ಆ ಸೀಳನ್ನು ಮುಟ್ಟಿದ. "ನಡುವೆ ಹೊಲಿಗೆ ಕಾಣುತ್ತಲ್ಲ."

"ಕಾಣ್ಲಿ."

"ಊರೋರು ಕೇಳಿದ್ರೆ?"

"ನಿದ್ದೆ ಬಂದಿತ್ತು ಅಂತ ಹೇಳಿ." ನಗಲು ಹೋದಳು, ಆಕಳಿಕೆ ಬಂತು. ತಲೆ ತಾನಾಗಿ ಅವನ ಭುಜಕ್ಕೆ ಒರಗಿತು. "ಕರ್ಟಿಸ್... ಈಗ್ಲೂ ಬರ್ತಿದೆ. ಹೊಲಿಗೆ ನಾಳೆ ಹಾಕ್ಲಾ?"

"ನಾಳೆ ಯಾಕೆ, ಯಾವಾಗ್ಲಾದ್ರೂ ಹಾಕು," ಅಂದ ಅವನು, ಮೊದಲ ಸಲ ಏಕವಚನದಲ್ಲಿ. ಎರಡು ತುಂಡುಗಳನ್ನೂ ಎದುರುಬದುರಾಗಿಯೇ ಹಿಡಿದುಕೊಂಡಿದ್ದ. "ನೀನು ಮಲ್ಕೋ. ನಾನೆಲ್ಲೂ ಹೋಗಲ್ಲ."