ಏಳನೆಯ ಕಿಟಕಿ

"ಇದು ಅಪರೂಪದ ಬಸ್ಸಲ್ಲ! ಸಾಮಾನ್ಯ ಬಸ್ಸಿಗೆ ಬಣ್ಣ ಬಳಿದು ತಂದಿದ್ದೀರಿ!"

ಹಳೆಯ ಬಸ್ಸುಗಳ ಪ್ರದರ್ಶನಕ್ಕೆ ಸೇರಿದ್ದ ಜನರೆಲ್ಲ ತಿರುಗಿ ನೋಡಿದರು. ಪರೀಕ್ಷಕಿಯ ದನಿ ಮೈದಾನದ ಆ ತುದಿಯವರೆಗೂ ಕೇಳಿಸಿತ್ತು. ಬಸ್ಸಿನ ಮುಂದೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದವನ ಮುಖದ ನಗು ಹಾಗೇ ಆರಿಹೋಯಿತು.

ಅಯ್ಯೋ, ಆ ನಗುವನ್ನು ನೋಡಲೆಂದೇ ಅವಳು ಮೂರು ತಿಂಗಳು ಕಾದಿದ್ದಳು!

ಅವನು ಹಳೆಯ ಬಸ್ಸುಗಳನ್ನು ರಿಪೇರಿ ಮಾಡಿ ಹೊಸದಾಗಿಸುವ ಮೇಸ್ತ್ರಿ. ಗೆಳೆಯರ ಬಾಯಲ್ಲಿ 'ತಗಡು ಡಾಕ್ಟರ್'. ದಿನಾ ಸಂಜೆ ಫೋನ್ ಮಾಡಿ, "ಮೇಡಂ, ಈ ಬಾಗಿಲ ಹಿಡಿಕೆ ಯಾವ ಕಾಲದ್ದು? ಈ ದೀಪ ಇದಕ್ಕೆ ಹೊಂದುತ್ತಾ?" ಎಂದು ಕೇಳುತ್ತಿದ್ದ. ಹಿಡಿಕೆಯಿಂದ ಶುರುವಾದ ಮಾತು ಬರಬರುತ್ತಾ ಊಟ ಆಯ್ತಾ, ಕೆಮ್ಮು ಕಡಿಮೆ ಆಯ್ತಾ ಎಂಬಲ್ಲಿಗೆ ಬಂದಿತ್ತು.

"ಪೂರ್ತಿ ಬಸ್ಸನ್ನ ಮೈದಾನದಲ್ಲೇ ನೋಡಿ. ನಿಮಗೋಸ್ಕರನೇ ಮಾಡ್ತಿದ್ದೀನಿ," ಎಂದಿದ್ದ. ನಿನ್ನೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಈಗ ನೋಡಿದರೆ... ಆರೇ ಕಿಟಕಿ!

"ಈ ಮಾದರಿಗೆ ಪಕ್ಕಕ್ಕೆ ಏಳು ಕಿಟಕಿ ಇರ್ಬೇಕು. ತಯಾರಾಗಿದ್ದೇ ನಾಲ್ಕು ಬಸ್ಸು. ಅದರಲ್ಲಿ ಒಂದನ್ನ ನಮ್ಮಪ್ಪ ಓಡಿಸ್ತಿದ್ರು. ನಾನು ಎಣಿಸೋದು ಕಲ್ತಿದ್ದೇ ಆ ಕಿಟಕಿಗಳಲ್ಲಿ! ನನಗೇ ಟೋಪಿ ಹಾಕ್ತೀರಾ?"

"ನನಗೆ ಸಿಕ್ಕಿದಾಗ್ಲೂ ಆರೇ ಇತ್ತು. ಒಂದ್ಸಲ ಒಳಗೆ ಬಂದು ನೋಡಿ..."

"ಬೇಕಾಗಿಲ್ಲ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹುಡುಗಿ ನಮ್ಮ ಪರೀಕ್ಷಕಿ. ಬಸ್ಸಿನ ಒಳಗೆ ಕಾಲಿಡದೆ ತೀರ್ಪು ಕೊಟ್ಟದ್ದು ಇದೇ ಮೊದಲು. ತೀರಿಹೋದ ಅಪ್ಪನ ಬಸ್ಸಿಗಾಗಿ ಹನ್ನೆರಡು ವರ್ಷದಿಂದ ಗುಜರಿ ಗುಜರಿ ಅಲೆದವಳು. ಆ ಆಸೆಯೇ ಇವತ್ತು ಕೋಪವಾಗಿ ನೆತ್ತಿಗೇರಿತ್ತು.

ಅವನು ಬಟ್ಟೆಯನ್ನು ನಿಧಾನವಾಗಿ ಮಡಚಿದ. "ನಾನು ಮೋಸ ಮಾಡ್ತೀನಿ ಅನ್ಸಿತಲ್ಲ ನಿಮಗೆ... ಸಾಕು. ಬರೆದುಕೊಡಿ. ಗುಜರಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ."

ಹೌದು, ಅವಳ ಸಹಿ ಬೀಳದ ಹಳೆಯ ಬಸ್ಸು ಇನ್ನು ರಸ್ತೆಗಿಳಿಯುವಂತಿಲ್ಲ. ಇವತ್ತೇ ಕೊನೆಯ ದಿನ.

ತಿರಸ್ಕಾರದ ಫಾರಂ ತುಂಬಲು ಬಸ್ಸಿನ ತಯಾರಿಕೆಯ ನಂಬರು ಬೇಕಿತ್ತು. ಅದು ಡ್ರೈವರ್ ಸೀಟಿನ ಕೆಳಗಿನ ಲೋಹದ ಫಲಕದಲ್ಲಿರುತ್ತದೆ. ಅವಳು ಧಡಧಡ ಹತ್ತಿದಳು, ಮಂಡಿಯೂರಿ ಬಗ್ಗಿದಳು.

ಬಗ್ಗಿದವಳು ಹಾಗೇ ಉಳಿದುಬಿಟ್ಟಳು.

ಇಡೀ ಬಸ್ಸು ಹೊಸ ಬಣ್ಣದಲ್ಲಿ ಮಿನುಗುತ್ತಿತ್ತು. ಸೀಟಿನ ಹಿಂದಿನ ಕಂಬ ಮಾತ್ರ ಹಳೆಯ ಹಸಿರಿನಲ್ಲೇ ಇತ್ತು. ಅದರ ಮೇಲೆ ಚಾಕುವಿನಿಂದ ಗೀಚಿದ ಗೆರೆಗಳು, ಪ್ರತಿ ಗೆರೆಗೂ ಒಂದು ಅಂಕಿ. ಮೂರು. ನಾಲ್ಕು. ಐದು. ಐದರ ಪಕ್ಕದಲ್ಲಿ ಬಾಲ ಉದ್ದವಾದ ಒಂದು ಗುಬ್ಬಿ.

ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ ಗುಬ್ಬಿ ಎಂದು! ಪ್ರತಿ ಹುಟ್ಟುಹಬ್ಬಕ್ಕೂ ಇದೇ ಕಂಬಕ್ಕೆ ಒರಗಿಸಿ ಎತ್ತರ ಅಳೆಯುತ್ತಿದ್ದರು!

ಹಾಗಾದರೆ ಏಳನೆಯ ಕಿಟಕಿ?

ಅವಳು ಹಿಂದಕ್ಕೆ ಓಡಿದಳು. ಕೊನೆಯ ಕಿಟಕಿ ಉಳಿದವುಗಳಿಗಿಂತ ಅಗಲ. ಅದರ ಚೌಕಟ್ಟಿನ ನಡುವೆ ಬೆರಳಾಡಿಸಿದಳು. ಮುಚ್ಚಿದ ಎರಡು ತೂತು! ಇಲ್ಲೊಂದು ಕಂಬ ಇತ್ತು. ಯಾವುದೋ ಕಾಲದ ರಿಪೇರಿಯಲ್ಲಿ ಅದನ್ನು ಕಿತ್ತು, ಎರಡು ಕಿಟಕಿಯನ್ನು ಒಂದು ಮಾಡಿದ್ದಾರೆ...

"ಈ ಕಂಬಕ್ಕೆ ಯಾಕೆ ಬಣ್ಣ ಹಚ್ಚಲಿಲ್ಲ?" ಅವಳು ಹಸಿರು ಕಂಬದ ಬಳಿಗೆ ಮರಳಿ ಕೇಳಿದಳು.

ಅವನು ಬಾಗಿಲಲ್ಲೇ ನಿಂತಿದ್ದ. "ಯಾವುದೋ ಮಗು ಇಲ್ಲಿ ಬೆಳೆದಿದೆ. ಅದರ ಮೇಲೆ ಬಣ್ಣ ಬಳಿಯೋಕೆ ಕೈ ಬರ್ಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನಾನು ಕೇಳ್ತಿದ್ದಿದ್ದು ಹಿಡಿಕೆ, ದೀಪ, ಬೋಲ್ಟು. ಇದು ಕೇಳೋ ವಿಷಯ ಅನ್ನಿಸ್ಲಿಲ್ಲ."

"ಆ ಮಗು... ಅಪ್ಪನ ಗುಬ್ಬಿ... ನಾನೇ ರೀ!"

ಅವಳು ಫಾರಂ ಹರಿದಳು. ಕೆಳಗಿಳಿದು ಮೈಕ್ ಹಿಡಿದಳು. ಆಡಿದ ಮಾತು ಒಡೆದ ಮುತ್ತು, ನಿಜ. ಆದರೆ ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ತಿದ್ದಬಹುದಲ್ಲ! "ತಪ್ಪು ನನ್ನದು! ನಾಲ್ಕರಲ್ಲಿ ಉಳಿದಿರೋ ಒಂದೇ ಬಸ್ಸು ಇದು. ಉಳಿಸಿದವರು ಇವರು!"

ಚಪ್ಪಾಳೆಯೋ ಚಪ್ಪಾಳೆ! ಅವಳಿಗೆ ಅದು ಕೇಳಿಸಲೇ ಇಲ್ಲ. ಸಹಿ ಹಾಕಿದ ಪತ್ರ ಹಿಡಿದು ಮತ್ತೆ ಬಸ್ಸು ಹತ್ತಿದಳು.

"ಕೋಪ ಹೋಗಿಲ್ವಾ?"

"ಮುಕ್ಕಾಲು ಹೋಗಿದೆ," ಎಂದ.

"ಉಳಿದ ಕಾಲು ಭಾಗಕ್ಕೆ ಏನು ಮಾಡ್ಲಿ?"

"ನಾಳೆ ಸಂಜೆ ಫೋನ್ ನೀವೇ ಮಾಡಿ."

"ಫೋನ್ ಸಾಲಲ್ಲ ನನಗೆ. ಎದುರಿಗೇ ಬೇಕು... ದಿನಾ." ಹೇಳಿಯೇಬಿಟ್ಟಳು! ಕೆನ್ನೆ ಕಾದಿತ್ತು. ತಿರುಗಿ ಕಂಬಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. "ಗೆರೆ ಎಳೀರಿ."

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಎಳೆದ. ಗೆರೆ ಸೊಟ್ಟಗೆ ಬಂತು.

"ವಯಸ್ಸು ಎಷ್ಟೂಂತ ಬರೀಲಿ?"

"ವಯಸ್ಸು ಬೇಡ, ತಾರೀಕು ಬರೀರಿ. ಪಕ್ಕದಲ್ಲಿ ನಿಮ್ಮದೂ ಒಂದು ಗೆರೆ ಇರ್ಲಿ."

ಅವನು ನಕ್ಕ. ಮೂರು ತಿಂಗಳು ಕಾದ ಅದೇ ನಗು! "ಆಮೇಲೆ ಕಂಬಕ್ಕೆ ಬಣ್ಣ ಹಚ್ಚಲಾ, ಗುಬ್ಬಿ?"

"ಬೇಡಪ್ಪಾ... ಪುಟ್ಟ ಗೆರೆಗಳಿಗೆ ಕೆಳಗಡೆ ಇನ್ನೂ ಜಾಗ ಇದೆ. ಮುಂದೆ ಬೇಕಾಗುತ್ತೆ."

ಅರ್ಥವಾಗಲು ಅವನಿಗೆ ಒಂದು ನಿಮಿಷ ಹಿಡಿಯಿತು. ಆಮೇಲೆ ಪೆನ್ಸಿಲ್ ಕೈಜಾರಿ ಸೀಟಿನ ಕೆಳಗೆ ಉರುಳಿತು. ಹುಡುಕಲು ಇಬ್ಬರೂ ಬಗ್ಗಲಿಲ್ಲ.