ನಾದಿನಿ ಕಂಡ ಮನಸ್ಸು

ಯುಗಾದಿಯ ಬೆಳಗ್ಗೆ ಗಂಡನ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದ ಸುನಂದಳ ಕೈ ಸೊಂಟದ ಹತ್ತಿರ ಬಂದು ತಟ್ಟನೆ ನಿಂತಿತು. ಉಡಿದಾರವಿರಲಿಲ್ಲ! ಮದುವೆಯಲ್ಲಿ ಅತ್ತೆ ಮಾಡಿಸಿ ಕಟ್ಟಿದ್ದ ಬೆಳ್ಳಿಯ ಉಡಿದಾರ, ಜ್ವರ ಬಂದು ಮಲಗಿದಾಗಲೂ ಮೈಬಿಟ್ಟು ಹೋಗದ ಉಡಿದಾರ. ಅದಿದ್ದ ಜಾಗದಲ್ಲಿ ಈಗ ಬಿಳಿಚಿದ ಒಂದು ಗೆರೆ ಮಾತ್ರ ಉಳಿದಿತ್ತು. ಬದುಕಿರುವ ಗಂಡಸು ಬರಿಸೊಂಟದಲ್ಲಿ ಇರಬಾರದು ಎಂದು ಕೇಳುತ್ತಲೇ ಬೆಳೆದವಳು ಅವಳು.

"ಉಡಿದಾರ ಎಲ್ರೀ?"

ಚಂದ್ರಮೋಹನ ಹಂಡೆಯ ಕೆಳಗಿನ ಉರಿಯನ್ನೇ ನೋಡುತ್ತ ಕೂತಿದ್ದ. "ಧನಶ್ರೀ ಹತ್ರ ಇದೆ."

"ನಿಮ್ಮ ತಂಗಿ ಹತ್ರ ಯಾಕೆ?"

"ಹೋದ ವಾರ ಬೆಂಗಳೂರಲ್ಲಿ ತಲೆಗೆ ಸ್ಕ್ಯಾನ್ ಮಾಡಿದ್ರು. ಮೈಮೇಲೆ ಲೋಹ ಇರಬಾರ್ದು ಅಂತ ಬಿಚ್ಚಿಸಿದ್ರು. ತಗೊಳ್ಳೋದು ಮರೆತು ಬಂದೆ."

ಕಟ್ಟಿಕೊಂಡ ಹೆಂಡತಿಗೆ ಹೇಳದೆ ಬೆಂಗಳೂರಿಗೆ ಹೋಗಿ ಬಂದಿದ್ದಾನೆ. ಹಾಲಿನ ಸಂಘದ ಕೆಲಸ, ಕೋಲಾರಕ್ಕೆ ಹೋಗ್ತೀನಿ ಎಂದು ಹೊರಟವನಿಗೆ ಅವಳೇ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು! ಎಣ್ಣೆಯ ಬಟ್ಟಲನ್ನು ಅಲ್ಲೇ ಕುಕ್ಕಿ ಸುನಂದ ಎದ್ದು ಹೋದಳು. ಹಬ್ಬದ ದಿನ ಗಂಡ ಅರ್ಧ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ತಾನೇ ನೀರು ಹುಯ್ದುಕೊಂಡ.

ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹತ್ತಿದ್ದಲ್ಲ. ಯಲ್ದೂರಿನ ಹಾಲು ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದ ಚಂದ್ರಮೋಹನ ಒಂದು ವರ್ಷದಿಂದ ಮಂಕಾಗಿದ್ದ. ಕರೆದರೆ ಓ ಎನ್ನುತ್ತಿರಲಿಲ್ಲ. ಮುದ್ದೆ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಸುನಂದ ಕೇಳಿದರೆ "ಏನಿಲ್ಲ ಬಿಡು" ಎಂಬ ಒಂದೇ ಉತ್ತರ. ಆದರೆ ಭಾನುವಾರ ಮಾಲೂರಿನಿಂದ ತಂಗಿ ಧನಶ್ರೀ ಬಂದಳೆಂದರೆ ಸಾಕು, ಜಗಲಿಯ ಮೇಲೆ ಅಣ್ಣ ತಂಗಿ ಕೂತು ಗುಸುಗುಸು ಮಾತು. ಹೆಂಡತಿ ಕಾಫಿ ಹಿಡಿದು ಹೋದರೆ ಮಾತು ನಿಂತುಹೋಗುತ್ತಿತ್ತು. ಬಿಟ್ಟುಬಿಡಿ, ಎಂಥ ಸಾಧ್ವಿಗಾದರೂ ಮೈ ಉರಿಯುವ ಸಂಗತಿಯೇ ಅದು.

ಧನಶ್ರೀ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನಸ್ಸು ಕುಗ್ಗಿದವರ ಮತ್ತು ಅವರ ಒಡಹುಟ್ಟಿದವರ ಮೆದುಳಿನ ಚಿತ್ರ ತೆಗೆದು ಹೋಲಿಸಿ ನೋಡುವ ಕೆಲಸ. ಅತ್ತೆ ಮುನಿಶಾಮಮ್ಮನಿಗೆ ಮಗಳೆಂದರೆ ಮುಖ ಮೊರದಗಲ. "ನನ್ನ ಮಗಳ ಮಿಷನ್ನಲ್ಲಿ ಮನಸ್ಸೊಳಗಿರೋದೆಲ್ಲ ಕಾಣ್ತದೆ" ಎಂದು ಊರೆಲ್ಲ ಸಾರಿಕೊಂಡು ಬಂದಿದ್ದಳು. ಸುನಂದ ಆಗ ನಕ್ಕಿದ್ದಳು. ಈಗ ಆ ಮಾತೇ ಮುಳ್ಳಾಗಿ ಚುಚ್ಚತೊಡಗಿತು. ಹದಿಮೂರು ವರ್ಷ ಜೊತೆಗೆ ಬಾಳಿದ ತನಗೆ ಕಾಣದ ಗಂಡನ ಮನಸ್ಸನ್ನು ಅವಳು ಮಿಷನ್ನಿಗೆ ಹಾಕಿ ನೋಡಿಬಿಟ್ಟಳಲ್ಲ...

ಮಧ್ಯಾಹ್ನ ಧನಶ್ರೀ ಹಬ್ಬದೂಟಕ್ಕೆ ಬಂದಳು. ಬ್ಯಾಗಿನಿಂದ ಉಡಿದಾರ ತೆಗೆದು ಅಣ್ಣನಿಗೆ ಕೊಡಲು ಹೋದಾಗ ಸುನಂದ ನಡುವೆ ಬಂದು ಕಸಿದುಕೊಂಡಳು.

"ಗಂಡನ ಸೊಂಟದ ದಾರಾನೂ ನಾದಿನಿ ಕೈಯಿಂದ ಈಸ್ಕೋಬೇಕಾ ನಾನು?"

"ಅತ್ತಿಗೆ, ಹೇಳೋಣ ಅಂತಾನೇ ಇದ್ದೆ. ಅಣ್ಣ ಬೇಡ ಅಂದ. ನಾನು ಆ ಮಾತು ಕೇಳ್ಬಾರ್ದಾಗಿತ್ತು, ತಪ್ಪು ನಂದೇ..."

"ತಪ್ಪು ನಿಂದಲ್ಲಮ್ಮ, ನಂದು. ಅಣ್ಣ ತಂಗಿ ನಡುವೆ ಬಂದು ಸೇರ್ಕೊಂಡೆ ನೋಡು. ಇನ್ಮೇಲೆ ಈ ಮನೆ ಹೊಸಲು ತುಳೀಬೇಡ."

ಬಡಿಸಿದ ಒಬ್ಬಟ್ಟು ಎಲೆಯಲ್ಲೇ ಉಳಿಯಿತು. ಧನಶ್ರೀ ಬಾಗಿಲಲ್ಲಿ ನಿಂತು, "ನನ್ನ ಬೈಕೊಳ್ಳಿ ಅತ್ತಿಗೆ, ಆದ್ರೆ ಅಣ್ಣ ಮಾತ್ರೆ ನಿಲ್ಲಿಸದ ಹಾಗೆ ನೋಡ್ಕೊಳ್ಳಿ" ಎಂದಳು. ಆ ಮಾತು ಬೆಂಕಿಗೆ ತುಪ್ಪ ಸುರಿದಂತಾಯಿತು. ಶಕ್ತಿ ಬರೋ ಮಾತ್ರೆ ಎಂದು ಗಂಡ ಹೇಳುತ್ತಿದ್ದುದೂ ಅವಳು ತಂದುಕೊಟ್ಟಿದ್ದೇ ಹಾಗಾದರೆ! ಆ ಸಂಜೆ ಸುನಂದ ಮಾತ್ರೆಗಳನ್ನೆಲ್ಲ ಬಳಿದು ತಿಪ್ಪೆಗೆ ಎಸೆದಳು. ಕುರುಡುಮಲೆ ಗಣಪತಿಗೆ ಹರಕೆ ಕಟ್ಟಿಕೊಂಡಳು. ಗಂಡ ಎದುರು ಮಾತಾಡಲಿಲ್ಲ, ಮಾತ್ರೆ ಎಲ್ಲಿ ಎಂದೂ ಕೇಳಲಿಲ್ಲ. ಗೆದ್ದೆ ಎಂದುಕೊಂಡಳು ಹುಚ್ಚಿ.

ಮಾವಿನ ತೋಪುಗಳಲ್ಲಿ ಕಾಯಿ ಬಲಿಯುವ ಹೊತ್ತಿಗೆ ಚಂದ್ರಮೋಹನ ಡೈರಿಗೆ ಹೋಗುವುದನ್ನೂ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗಿದವನ ತಲೆ ಸವರುತ್ತ ಮುನಿಶಾಮಮ್ಮ "ಏಮಿ ನಾಯನಾ, ಏಮೈಂದಿ", ಏನಾಯ್ತಪ್ಪ ಎಂದು ತೆಲುಗಿನಲ್ಲಿ ಗೋಳಾಡಿದರೂ ಅವನು ಇತ್ತ ತಿರುಗುತ್ತಿರಲಿಲ್ಲ. ಒಂದು ಸಂಜೆ ಹಾಸಿಗೆಯಲ್ಲಿ ಅವನಿರಲಿಲ್ಲ. ಸುನಂದ ಬರಿಗಾಲಲ್ಲಿ ತೋಪಿನತ್ತ ಓಡಿದಳು. ಪಂಪ್‌ಸೆಟ್ ಮನೆಯ ಮೆಟ್ಟಿಲ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ. ಹೋದ ಜೀವ ಬಂದಂತಾಗಿ ಅವಳು ಪಕ್ಕದಲ್ಲಿ ಕುಸಿದಳು.

"ಇಲ್ಯಾಕೆ ಬಂದ್ರಿ?"

"ನಾನಿಲ್ದಿದ್ರೆ ನಿಮಗೆಲ್ಲ ಹಗುರ ಆಗ್ತದೆ ಸುನಂದ... ಅದನ್ನೇ ಯೋಚ್ನೆ ಮಾಡ್ತಿದ್ದೆ."

ವರ್ಷವಿಡೀ ಗಂಡ ತನ್ನ ಹತ್ತಿರ ಮನಸ್ಸು ಬಿಚ್ಚಲಿ ಎಂದು ಹಂಬಲಿಸಿದ್ದವಳಿಗೆ ಅವನು ಬಿಚ್ಚಿ ತೋರಿಸಿದ್ದು ಇದು! ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಹಿಡಿದ ಕೈ ಬಿಡದೆಯೇ ಧನಶ್ರೀಗೆ ಫೋನ್ ಮಾಡಿದಳು. "ತಿಪ್ಪೆಗೆ ಹಾಕ್ಬಿಟ್ಟೆ ಕಣೇ... ಆ ಮಾತ್ರೆ ಎಲ್ಲಾ ತಿಪ್ಪೆಗೆ ಹಾಕ್ಬಿಟ್ಟೆ..."

ಅತ್ತ ಕಡೆಯಿಂದ ಒಂದು ಬೈಗುಳವೂ ಬರಲಿಲ್ಲ. "ಅಣ್ಣನ್ನ ಒಬ್ಬನ್ನೇ ಬಿಡ್ಬೇಡಿ ಅತ್ತಿಗೆ. ಕಾರು ಮಾಡ್ಕೊಂಡು ಈಗ್ಲೇ ಹೊರಟೆ" ಎಂದಳು ಧನಶ್ರೀ.

ಅವನನ್ನು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಹೊಸದಾಗಿ ಔಷಧ ಶುರುಮಾಡಿದರು. ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದಿತ್ತಮ್ಮ ಎಂದು ಅವರು ಮೆತ್ತಗೆ ಹೇಳಿದಾಗ ಸುನಂದ ನೆಲ ನೋಡುತ್ತ ನಿಂತಳು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನನ್ನು ಮಾಲೂರಿಗೆ, ತಂಗಿಯ ಮನೆಗೆ ಕರೆತಂದರು. ಅವನು ಒಳಗೆ ನಿದ್ದೆಹೋಗಿದ್ದಾಗ ಸುನಂದ ನಾದಿನಿಯ ಎದುರು ಬಂದು ಕೂತಳು. ಇಷ್ಟೆಲ್ಲ ಆದ ಮೇಲೂ ಒಳಗಿನ ಕೆಂಡ ಆರಿರಲಿಲ್ಲ. ಕೇಳದಿದ್ದರೆ ಅದು ಆರುವಂತೆಯೂ ಇರಲಿಲ್ಲ.

"ಆ ಫೋಟೋ ತೋರ್ಸೇ."

ಧನಶ್ರೀ ಲ್ಯಾಪ್‌ಟಾಪ್ ತೆರೆದಳು. ಬೂದುಬಣ್ಣದ ಎರಡು ಚಿತ್ರಗಳು, ಸೀಳಿದ ಅಕ್ರೋಟಿನ ಹಾಗೆ ಸುಕ್ಕುಸುಕ್ಕಾಗಿ, ಪಕ್ಕಪಕ್ಕದಲ್ಲಿ.

"ಒಂದು ಅಣ್ಣಂದು, ಇನ್ನೊಂದು ನಂದು. ಒಡಹುಟ್ಟಿದವಳು ಅಂತ ನಾನೂ ಆ ಮಿಷನ್ನಲ್ಲಿ ಮಲಗಿದ್ದೆ."

ಸುನಂದ ಪರದೆಗೆ ಮುಖ ತಂದು ಹುಡುಕಿದಳು. "ಇದ್ರಲ್ಲಿ... ಎಲ್ಲಾದ್ರೂ ನಾನಿದ್ದೀನಾ?"

ಧನಶ್ರೀಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನಗಲಿಲ್ಲ, ಅದು ಅವಳ ದೊಡ್ಡ ಗುಣ. "ಯಾರೂ ಇರಲ್ಲ ಅತ್ತಿಗೆ. ಯಾರ ಮೇಲೆ ಪ್ರೀತಿ, ಎಷ್ಟು ದುಃಖ, ಏನೂ ಕಾಣಲ್ಲ. ನೂರಾರು ಜನರ ಚಿತ್ರ ಸೇರಿಸಿ ನೋಡಿದ್ರೆ ಏನೋ ಒಂದಿಷ್ಟು ವ್ಯತ್ಯಾಸ ಸಿಗಬಹುದು ಅಂತ ಹುಡುಕ್ತಿದ್ದೀವಿ. ಹೆಸರು ಅಳಿಸಿದ್ರೆ ಇದ್ರಲ್ಲಿ ಅಣ್ಣಂದು ಯಾವ್ದು, ನಂದು ಯಾವ್ದು ಅಂತ ನನಗೇ ಗೊತ್ತಾಗಲ್ಲ."

"ಮತ್ತೆ ನಿನ್ನ ಹತ್ರ ಮಾತ್ರ ಹೇಗೆ ಹೇಳ್ಕೊತಾರೆ? ನಾನೇನು ಕಮ್ಮಿ ಮಾಡ್ದೆ?"

"ಹೇಳಿ ಆದ್ಮೇಲೆ ನಾನು ರೈಲು ಹತ್ತಿ ಹೋಗ್ಬಿಡ್ತೀನಲ್ಲ, ಅದಕ್ಕೆ. ನಿಮ್ಗೆ ಹೇಳಿದ್ರೆ ದಿನಾ ನಿಮ್ಮ ಮುಖದಲ್ಲಿ ಅದನ್ನ ನೋಡ್ಬೇಕಲ್ಲ... 'ಅದನ್ನ ತಡಕೊಳ್ಳೋ ಶಕ್ತಿ ನನಗಿಲ್ಲ ಧನು' ಅಂತ ಅಣ್ಣಾನೇ ಅಂದ."

ಸುನಂದ ಸೆರಗು ಬಾಯಿಗೊತ್ತಿ ಬಹಳ ಹೊತ್ತು ಅತ್ತಳು. ಪ್ರೀತಿ ಕಮ್ಮಿಯಾಗಿ ಮುಚ್ಚಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರೀತಿಗೇ ಹೆದರಿ ಮುಚ್ಚಿಟ್ಟವನ ಜೊತೆ ಏನೆಂದು ಜಗಳವಾಡುವುದು? ಕೊನೆಗೆ ಕಣ್ಣೊರೆಸಿಕೊಂಡು, "ಭಾನುವಾರ ಬರ್ತೀಯೇನೇ?" ಎಂದಳು. ಧನಶ್ರೀ ತಲೆಯಾಡಿಸಿದಳು.

ಆ ಭಾನುವಾರ ಯಲ್ದೂರಿನ ಜಗಲಿಯ ಮೇಲೆ ಅಣ್ಣ ತಂಗಿ ಮತ್ತೆ ಕೂತರು. ಬೆಳಗಿನ ಮಾತ್ರೆಯನ್ನು ಸುನಂದಳೇ ಕೈಯಾರೆ ಕೊಟ್ಟಿದ್ದಳು. ಈಗ ಸಾರಿಗೆ ಒಗ್ಗರಣೆ ಹಾಕಲು ನಿಂತವಳ ಕಿವಿಗೆ ಹೊರಗಿನಿಂದ ಗಂಡನ ದನಿ ಬಿತ್ತು. ತಡವರಿಸುತ್ತ, ನಿಂತು ನಿಂತು ಅವನು ಏನನ್ನೋ ಹೇಳತೊಡಗಿದ್ದ. ನಡುವೆ ತನ್ನ ಹೆಸರೂ ಕೇಳಿಸಿತು. ಎರಡು ಹೆಜ್ಜೆ ಮುಂದೆ ಹೋಗಿ ಗೋಡೆಗೆ ಕಿವಿಕೊಟ್ಟರೆ ಸಾಕಿತ್ತು, ಎಲ್ಲ ತಿಳಿಯುತ್ತಿತ್ತು. ಎದೆಯೊಳಗೆ ಅದೇ ಹಳೆಯ ಉರಿ ಭಗ್ಗೆಂದು ಎದ್ದಿತು... ಪಾತ್ರೆ ಸದ್ದಾದರೆ ಅವನೆಲ್ಲಿ ಮಾತು ನಿಲ್ಲಿಸುತ್ತಾನೋ ಎಂದು ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಸುನಂದ ಅಡುಗೆಮನೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡಳು.